ಕಿವಿಗೆ ಒಪ್ಪಿದ ಮನೆ

ಏಳನೇ ಮನೆಯ ಬೀಗ ತೆಗೆಯುವ ಹೊತ್ತಿಗೆ ದಲ್ಲಾಳಿ ಆಕಳಿಸತೊಡಗಿದ್ದ. ಮಧ್ಯಾಹ್ನದ ಬಿಸಿಲಿಗೆ ಇಡೀ ಬೀದಿಗೇ ಮಂಪರು ಹತ್ತಿತ್ತು. ಮನೆ ಹುಡುಕುತ್ತಿದ್ದ ಏಸಿ ಮೆಕ್ಯಾನಿಕ್ ಒಳಗೆ ಹೋದವನೇ ಕಿಟಕಿ, ಅಡುಗೆಕಟ್ಟೆ ಯಾವುದನ್ನೂ ನೋಡದೆ, ಫೋನನ್ನು ಖಾಲಿ ಹಜಾರದ ನಟ್ಟನಡುವೆ ನೆಲದ ಮೇಲಿಟ್ಟು, "ಕೇಳ್ತಿದೆಯೇನೇ?" ಎಂದ.

"ಕೇಳ್ತಿದೆ. ಮಾತಾಡ್ಬೇಡಿ, ಸುಮ್ನೆ ಓಡಾಡಿ," ಎಂದಳು ಹೆಂಡತಿ, ಸಮುದ್ರದಾಚೆಯ ಊರಿನಿಂದ.

ದಲ್ಲಾಳಿ ಇಪ್ಪತ್ತು ವರ್ಷದ ಹಿಂದೆ ಇವರ ಕಡೆಯಿಂದಲೇ ಬಂದು ಈ ದೇಶದಲ್ಲಿ ಬೇರು ಬಿಟ್ಟವನು. ಬಾಡಿಗೆಗೆ ಮೊದಲು ಗೋಡೆ ಮೂಸಿ ನೋಡಿದವರು, ನೀರು ಕುಡಿದು ನೋಡಿದವರು, ನೆಲದ ಮೇಲೆ ಮಲಗಿ ಗೊರಕೆ ಹೊಡೆದವರು, ಎಲ್ಲರನ್ನೂ ಕಂಡಿದ್ದ. ಕಿವಿಯಿಂದ ಮನೆ ನೋಡುವವರು ಇವರೇ ಮೊದಲು. ಅವಳಿಗೆ ಕಣ್ಣು ಕಾಣುವುದಿಲ್ಲವೆಂದು ಎರಡನೇ ಮನೆಯಲ್ಲಿ ತಿಳಿದ ಮೇಲೆ ಗೊಣಗುವುದನ್ನು ಬಿಟ್ಟಿದ್ದ. ಹಿಂದಿನ ಆರೂ ಹೊಸ ಮನೆಗಳು. ಬಿಸಿಲು ತೂರದ ಹಾಗೆ ಕಿಟಕಿ ಬಿಗಿದು ತಣ್ಣಗೆ ಇಟ್ಟಂಥವು. ಹತ್ತಿ ತುಂಬಿದ ಡಬ್ಬಿಯೊಳಗೆ ಕೂತ ಹಾಗಿದೆ ಎಂದು ಅವಳು ಒಂದೊಂದನ್ನೂ ಬೇಡವೆಂದಿದ್ದಳು.

ಇದು ಮಹಡಿಯ ಮೇಲಿನ ಹಳೇ ಮನೆ. ಮರದ ಮೆಟ್ಟಿಲುಗಳಲ್ಲಿ ಮೂರನೆಯದು ಕಾಲಿಟ್ಟರೆ ನರಳುತ್ತಿತ್ತು. ಮಲಗುವ ಕೋಣೆಯ ಬಾಗಿಲು ಕಿರ್ರೆನ್ನುತ್ತಿತ್ತು. ಬಚ್ಚಲಿನ ನಲ್ಲಿ ಎಷ್ಟು ತಿರುಗಿಸಿದರೂ ನಿಲ್ಲದೆ ತೊಟ್ಟಿಕ್ಕುತ್ತಿತ್ತು. ಇಂಥ ಕೊಂಪೆ ತೋರಿಸಿದ್ದಕ್ಕೆ ಮೆಕ್ಯಾನಿಕ್ ದಲ್ಲಾಳಿಯನ್ನು ಕಣ್ಣಲ್ಲೇ ಬೈದು, ಫೋನೆತ್ತಿಕೊಂಡು ಎಂಟನೆಯ ಮನೆಗೆ ಹೊರಟ. ಅಷ್ಟರಲ್ಲಿ ಅವಳು, "ಇದೇ ಇರ್ಲಿ ರೀ," ಎಂದಳು. ಕೆಳಗಿನ ಮೆಟ್ಟಿಲಿಂದ ಬಚ್ಚಲವರೆಗೂ ಒಂದು ಸಲ ನಿಧಾನವಾಗಿ ನಡೆದು, ಆ ಸದ್ದನ್ನೆಲ್ಲ ರೆಕಾರ್ಡ್ ಮಾಡಿ ಕಳಿಸಬೇಕು ಎಂದೂ ಹೇಳಿದಳು. ಅವನು ಹಾಗೇ ಮಾಡಿದ. ಯಾಕೆಂದು ಕೇಳಬೇಕೆಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಮದುವೆಯಾಗಿ ನಾಲ್ಕು ವರ್ಷ ಅವರು ಫೋನಿನಲ್ಲೇ ಸಂಸಾರ ಮಾಡಿದ್ದರು. ಈಗ ಅವಳು ಒಂದು ಮಾತಿನ ಮೇಲೆ ಬರಲು ಒಪ್ಪಿದ್ದಳು: ಅವನು ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬರುವತನಕ, ಯಾರ ಕೈಯನ್ನೂ ಹಿಡಿಯದೆ ಒಬ್ಬಳೇ ಇರಲಾದರೆ ಉಳಿಯುತ್ತಾಳೆ, ಆಗದಿದ್ದರೆ ಮರುಮಾತಿಲ್ಲದೆ ವಾಪಸ್ಸು ಕಳಿಸಬೇಕು. ಆರು ವಾರ, ದಿನವೂ ಊಟವಾದ ಮೇಲೆ ಅವಳು ಆ ಸದ್ದನ್ನು ಕಿವಿಗೆ ಹಚ್ಚಿಕೊಂಡು ಮಲಗಿದಳು. "ಇವತ್ತು ಕನಸಲ್ಲಿ ನಮ್ಮನೆಗೆ ಹೋಗಿದ್ದೆ," ಎಂದಳು ಒಂದು ದಿನ. "ಬಚ್ಚಲಿಗೆ ಹೋಗಿ ಮುಖ ತೊಳ್ಕೊಂಡು ಬಂದೆ. ನೀವಿರ್ಲಿಲ್ಲ, ಕೆಲಸಕ್ಕೆ ಹೋಗಿದ್ರಿ." ಅವನು ನಕ್ಕ. ಆಮೇಲೆ ಬಹಳ ಹೊತ್ತು ಅವನಿಗೆ ಸಂತೋಷವಾಗುತ್ತಲೇ ಇತ್ತು.

ಸಂತೋಷವಾದಾಗ ಅವನ ಕೈ ಸುಮ್ಮನಿರುವುದಿಲ್ಲ. ಸದ್ದು ಮಾಡುವ ಯಂತ್ರದ ಬಾಯಿ ಮುಚ್ಚಿಸುವುದೇ ಅವನ ಅನ್ನದ ದಾರಿ. ಅವಳು ಬರುವ ಹಿಂದಿನ ವಾರ ಮೂರನೇ ಮೆಟ್ಟಿಲಿಗೆ ಹೊಸ ಹಲಗೆ ಬಡಿದ, ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟ, ನಲ್ಲಿಗೆ ಹೊಸ ವಾಷರ್ ಹಾಕಿದ. ಕೊನೆಗೆ ಹಜಾರದಲ್ಲಿ ನಿಂತು ಕಿವಿಗೊಟ್ಟು ಕೇಳಿ, ತನ್ನ ಬೆನ್ನು ತಾನೇ ತಟ್ಟಿಕೊಂಡ.

ಅವಳು ಬಂದದ್ದೂ ಅಂಥದೇ ಒಂದು ಮಧ್ಯಾಹ್ನ. ಕೆಳಗಿನ ಮೆಟ್ಟಿಲ ಹತ್ತಿರವೇ ಅವನ ಕೈ ಬಿಡಿಸಿಕೊಂಡು, ತವರಿಗೆ ಬಂದವಳ ಗತ್ತಿನಲ್ಲಿ ಹತ್ತತೊಡಗಿದಳು. ಮೂರನೇ ಮೆಟ್ಟಿಲಲ್ಲಿ ನಿಂತಳು. ಒಂದು ಹೆಜ್ಜೆ ಇಳಿದು ಮತ್ತೆ ಹತ್ತಿದಳು. ಹಜಾರಕ್ಕೆ ಬಂದಾಗ ಮುಖದ ಬಣ್ಣ ಹೋಗಿತ್ತು. ಗೋಡೆ ತಡವಿ, ಕೈಗೆ ಸಿಕ್ಕಿದ ಕುರ್ಚಿಯ ತುದಿಯಲ್ಲಿ ಕೂತು, ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಳು.

"ಇದು ಬೇರೆ ಮನೆ ರೀ."

"ಅದೇ ಮನೆ ಕಣೇ. ಎಲ್ಲಾ ರಿಪೇರಿ ಮಾಡಿದೀನಿ. ಈಗ ಒಂದು ಸದ್ದಿಲ್ಲ, ನೋಡು."

"ಹೌದು, ಒಂದು ಸದ್ದೂ ಇಲ್ಲ," ಎಂದಳು ಅವಳು. "ಆ ನಲ್ಲಿ ಯಾವ ಕಡೆಯಿಂದ ಕೇಳುತ್ತೋ ಅದ್ರ ಮೇಲೆ ನಾನೆಲ್ಲಿದೀನಿ ಅಂತ ತಿಳ್ಕೋತಿದ್ದೆ. ಆರು ವಾರ ಕನಸಲ್ಲಿ ಹಾಗೇ ಓಡಾಡಿದೀನಿ." ಅವಳಿಗೆ ಕೋಪ ಬಂದಿರಲಿಲ್ಲ. ಬಂದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. ವಾಪಸ್ಸು ಹೋಗುವ ವಿಮಾನ ವಾರಕ್ಕೆ ಎಷ್ಟಿವೆ ಎಂದು ಮೆಲ್ಲಗೆ ಕೇಳಿದಳು.

ಅವನು ರಿಪೇರಿ ಸಾಮಾನಿನ ಚೀಲ ತೆಗೆದುಕೊಂಡು ಬಚ್ಚಲಿಗೆ ಹೋದ. ಜೀವಮಾನದಲ್ಲೇ ಮೊದಲ ಸಲ ಸರಿಯಾಗಿದ್ದುದನ್ನು ಕೆಡಿಸಲು ಕೂತಿದ್ದ. ನಲ್ಲಿಯ ತಲೆ ಬಿಚ್ಚಿದ, ಹೊಸ ವಾಷರನ್ನು ಜೇಬಿಗಿಳಿಸಿ, ಸಾಮಾನಿನ ಚೀಲದ ತಳದಲ್ಲಿ ಬಿದ್ದಿದ್ದ ಆ ಸವೆದ ಹಳೆಯದನ್ನೇ ಹುಡುಕಿ ಕೂಡಿಸಿದ. ಹಳೆಯ ಪಾತಕಿ ಕೈಕೊಡಲಿಲ್ಲ. ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಹಜಾರದಲ್ಲಿ ಚೀಲ ನೆಲಕ್ಕಿಟ್ಟ ಸಪ್ಪಳವಾಯಿತು. ಅವಳು ಎದ್ದು ನಡೆದು ಬಂದಳು, ಹದಿನಾಲ್ಕು ಹೆಜ್ಜೆ, ಕೈ ಎಲ್ಲೂ ಗೋಡೆ ಮುಟ್ಟಲಿಲ್ಲ. ಅವನನ್ನು ಪಕ್ಕಕ್ಕೆ ಸರಿಸಿ ನಲ್ಲಿಯ ಕೆಳಗೆ ಅಂಗೈ ಒಡ್ಡಿದಳು.

"ಬಂತು ನೋಡಿ ನಮ್ಮನೆ," ಎಂದಳು. "ಇನ್ನು ನೀವು ಆ ಬಾಗಿಲ ಎಣ್ಣೆ ಒರೆಸಿ."