ತಾಯಿಕೋಶ ಎಲ್ಲಿ ಹೋಗ್ತದ?

ಕ್ರೋಮೋಸೋಮುಗಳು ನಡುವೆ ಸಾಲುಗಟ್ಟಿ ನಿಂತ ಕೋಶವನ್ನೂ, ಅವು ಎರಡು ತುದಿಗೆ ಸರಿದ ಕೋಶವನ್ನೂ ನೀಲಾಂಬಿಕೆ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದು ಮುಗಿಸಿದ್ದಳು. ಸ್ಲೈಡಿನಲ್ಲಿ ಉಳಿದಿದ್ದ ಇನ್ನೊಂದು ಕೋಶ, ನಡು ಚಿವುಟಿದಂತೆ ಸಣ್ಣಗಾಗಿ, ಇನ್ನೇನು ಎರಡಾಗುವುದರಲ್ಲಿತ್ತು. ಅವಳ ಪೆನ್ಸಿಲ್ ಅಲ್ಲೇ ನಿಂತಿತು.

“ಮೇಡಂ, ಆಮ್ಯಾಲೆ ತಾಯಿಕೋಶ ಎಲ್ಲಿ ಹೋಗ್ತದ?”

“ಎಲ್ಲೂ ಹೋಗೂದಿಲ್ಲ. ಎರಡರಾಗೂ ಅದೇ ಇರ್ತದ,” ಎಂದರು ಹೊಸಕೇರಿ ಮೇಡಂ. ಆಮೇಲೆ ದನಿ ತಗ್ಗಿಸಿ, “ನಿಮ್ಮವ್ವಂದು ಆತೇನು?” ಎಂದು ಕೇಳಿದರು.

“ಸೋಮವಾರ ಆತ್ರಿ, ನಲವತ್ತು ತುಂಬಿದ ದಿನಾನ. ಇವತ್ತು ಸಂಜಿಯೊಳಗ ಆರಿಸಬೇಕು.”

ನಲವತ್ತು ವರ್ಷ ತುಂಬಿದವರೆಲ್ಲ ಆ ಕೋಶದಂತೆಯೇ ಎರಡಾಗುತ್ತಿದ್ದರು. ಮನೆಯವರು ಒಬ್ಬರನ್ನು ಇಟ್ಟುಕೊಂಡರೆ ಇನ್ನೊಬ್ಬರು ಹೊಸ ಹೆಸರಿನಲ್ಲಿ ದೂರದ ಊರು ಸೇರಬೇಕು, ಮತ್ತೆಂದೂ ಕಾಗದ ಬರೆಯುವಂತಿಲ್ಲ. ಮೇಡಂ ಕೂಡ ಈ ಊರಿಗೆ ಹಾಗೆಯೇ ಬಂದವರು.

“ನನ್ನ ಮಗಾನೂ ನಮ್ಮಿಬ್ಬರನ್ನ ಭಾಳ ಹೊತ್ತು ನೋಡಿದ್ದ,” ಎಂದು ಅವರು ಲೆನ್ಸ್ ಒರೆಸತೊಡಗಿದರು.

ಕಾಲೇಜಿನ ಗೇಟಿನಲ್ಲಿ ಅವ್ವಂದಿರಿಬ್ಬರೂ ಕಾಯುತ್ತಿದ್ದರು. ಒಬ್ಬಳು ತನ್ನ ಹಸಿರು ಸೀರೆ ಉಟ್ಟಿದ್ದಳು, ಇನ್ನೊಬ್ಬಳು ಪಕ್ಕದ ಮನೆಯಿಂದ ಕೇಳಿ ತಂದದ್ದು. ನೀಲಾ ಕೂಸಾಗಿದ್ದಾಗ ಅವಳ ಮೇಲೆ ಚೆಲ್ಲಲಿದ್ದ ಬಿಸಿ ಗಂಜಿಗೆ ಕೈ ಅಡ್ಡ ಹಿಡಿದು ಸುಟ್ಟುಕೊಂಡ ಕಲೆ ಇಬ್ಬರ ಬಲಗೈಯಲ್ಲೂ ಇತ್ತು.

ನೀಲಾ ಚೀಲದಿಂದ ಆಯ್ಕೆಯ ಅರ್ಜಿಯನ್ನೂ ಪೆನ್ನನ್ನೂ ತೆಗೆದಳು. ಅವಳು ಬಾಯಿ ತೆರೆಯುವ ಮೊದಲೇ ಇಬ್ಬರೂ ಒಬ್ಬರತ್ತ ಒಬ್ಬರು ಕೈ ತೋರಿಸಿ, ಒಂದೇ ದನಿಯಲ್ಲಿ ಹೇಳಿದರು:

“ಅಕಿನ್ನ ಇಟ್ಕೋ, ಕೂಸ. ನಾ ಹೋಗ್ತೀನಿ.”