ಗೋಡೆಯೋ ಮುಖವೋ

"ನಾನ್ ಬರಲ್ಲ ಮಿಸ್. ನನ್ ಬುಟ್ಟು ತೆಗೀರಿ!" ಎಂದು ರಕ್ಷಾ ನೀರಿನ ಟ್ಯಾಂಕಿನ ಹಿಂದಿನಿಂದಲೇ ಕೂಗಿದಳು. ಏಳನೇ ತರಗತಿಯ ಉಳಿದ ಮಕ್ಕಳೆಲ್ಲ ಹೊಂಗೆ ಮರದ ನೆರಳಲ್ಲಿ ಸಾಲಾಗಿ ನಿಂತಾಗಿತ್ತು. ಪರೀಕ್ಷೆ ಮುಗಿದರೆ ಒಬ್ಬರು ಕಳ್ಳಂಬೆಳ್ಳದ ಹೈಸ್ಕೂಲು, ಇನ್ನೊಬ್ಬರು ಸಿರಾ ಎಂದು ಚದುರಿಹೋಗುವವರು. ಎಲ್ಲರೂ ಒಟ್ಟಿಗಿರುವ ಕೊನೆಯ ಫೋಟೊದಲ್ಲಿ ಒಂದು ಮಗು ಇಲ್ಲವೆಂದರೆ ಹೇಗೆ?

ಯಾಕೆ ಎಂದು ವೇದಾವತಿ ಟೀಚರು ಕೇಳಬೇಕಾಗಿರಲಿಲ್ಲ. ಹೋದ ವರ್ಷದ ಗ್ರೂಪ್ ಫೋಟೊದಲ್ಲಿ ರಕ್ಷಾಳ ಮುಖವೇ ಇರಲಿಲ್ಲ; ಕಪ್ಪಿನ ನಡುವೆ ಹಲ್ಲಿನ ಸಾಲೊಂದೇ. 'ಹಲ್ಲು ಬಂದ್ವು ಕಣ್ಲಾ' ಎಂದು ಹುಡುಗರು ಆಡಿಕೊಂಡೂ ಆಡಿಕೊಂಡೂ ಆ ಹುಡುಗಿ ನಗುವುದನ್ನೇ ಬಿಟ್ಟಿದ್ದಳು. ಅದನ್ನು ನೆನೆದರೆ ವೇದಾವತಿಗೆ ಈಗಲೂ ಮೈ ಉರಿಯುತ್ತಿತ್ತು.

ಹೇಗೆ ಬರುತ್ತದೋ ಎಂದು ಮೊದಲು ಒಂದು ಫೋಟೊ ತೆಗೆದು ನೋಡಿದರು. ಹಿಂದೆ ಹೊಸ ಸುಣ್ಣದ ಗೋಡೆ ಬಿಸಿಲಿಗೆ ಫಳಫಳ. ಮುಂದೆ ಮಕ್ಕಳೆಲ್ಲ ಮಸಿ. ಥೂ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು, ಫೋಟೊ ಹುಚ್ಚಿನವರ ವಾಟ್ಸಾಪ್ ಗ್ರೂಪು ಸೇರಿ, ಕೊನೆಗೆ ನನ್ನ ಕೈಲೂ ಇದೇ ಹಣೆಬರಹವೇ! ಗ್ರೂಪಿನ ಗುರು, ಮಧುಗಿರಿಯ ಅಂಚೆ ಕಚೇರಿಯ ಪ್ರಸನ್ನ ಕುಮಾರನಿಗೆ ಫೋನು ಹಚ್ಚಿದರು.

"ಹಿಂದೆ ಏನೈತೆ ಮೇಡಂ?"

"ಬಿಳೀ ಗೋಡೆ. ಬಿಸಿಲು ಬೇರೆ."

"ಅದೇ ಮತ್ತೆ! ಕ್ಯಾಮೆರಾಗೆ ಬುದ್ಧಿ ಕಮ್ಮಿ. ಗೋಡೆ ಬೆಳಕಿಗೆ ಹೆದ್ರಿ ಎಲ್ಲಾನೂ ಕಪ್ ಮಾಡ್ಬುಡುತ್ತೆ. ಮಕ್ಕಳಲ್ಲಿ ಯಾರು ಎಲ್ಲರಿಗಿಂತ ಕಪ್ಪಗವ್ರೋ, ಆ ಮುಖದ ಮೇಲೆ ಕ್ಯಾಮೆರಾ ನಡುವೆ ಕಾಣೋ ಚುಕ್ಕಿ ಇಟ್ಟು ಗುಂಡಿ ಅರ್ಧ ಒತ್ತಿ ಹಿಡ್ಕಳಿ, ಆ ಮುಖಕ್ಕೇ ಬೆಳಕಿನ ಲೆಕ್ಕ ಹಾಕುತ್ತೆ. ಆ ಮುಖ ಬಂದ್ರೆ ಮಿಕ್ಕೋರು ತಾವಾಗೇ ಬರ್ತಾರೆ. ಗೋಡೆ ಹಾಳಾಗ್ಹೋಗ್ಲಿ."

ಗೋಡೆ ಹಾಳಾಗಲು ಹೆಡ್ ಮಾಸ್ಟರು ಶಂಕರಲಿಂಗಪ್ಪ ಬಿಡಬೇಕಲ್ಲ! "ಗೋಡೆ ಮಾತ್ರ ಬರ್ಲೇಬೇಕು ಕಣಮ್ಮ, ಅದ್ರ ಮೇಲೆ ದಾನಿಗಳ ಹೆಸರು ಬರೆಸಿದೀನಿ," ಎಂದು ಪಕ್ಕದಲ್ಲೇ ನಿಂತಿದ್ದರು. "ನೋಡೋಣ ಸರ್," ಎಂದು ವೇದಾವತಿ ಟ್ಯಾಂಕಿನ ಹಿಂದಕ್ಕೆ ನಡೆದರು.

"ಬಾರೇ. ನಿನ್ನ ಮುಖ ನೋಡ್ಕೊಂಡೇ ನಾನು ಬೆಳಕಿನ ಲೆಕ್ಕ ಹಾಕ್ಬೇಕು. ನೀನಿಲ್ದಿದ್ರೆ ಒಬ್ಬರ ಮುಖಾನೂ ನೆಟ್ಟಗೆ ಬರಲ್ಲ."

"ಬುಡಿ ಮಿಸ್, ಸುಮ್ಕೆ ಹೇಳ್ತೀರಾ."

"ಸುಮ್ಕೆ ಹೇಳಕ್ಕೆ ನಾನೇನು ಬೆಳ್ಳಗಿದೀನೇನೇ?"

ರಕ್ಷಾಳಿಗೆ ನಗು ಬಂದೇಬಿಟ್ಟಿತು. ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೂ ಬಂದಳು, ಬಂದು, ಮುಂದಿನ ಸಾಲಿನ ನಡುವೆ ತಲೆ ತಗ್ಗಿಸಿ ನಿಂತಳು. "ಮುಖ ಎತ್ತು ಮಗಾ," ಎಂದು ವೇದಾವತಿ ಅವಳ ಕೆನ್ನೆಯ ಮೇಲೆ ಕ್ಯಾಮೆರಾದ ಚುಕ್ಕಿ ಇಟ್ಟು, ಗುಂಡಿ ಅರ್ಧ ಒತ್ತಿ ಹಿಡಿದು, ಉಸಿರು ಕಟ್ಟಿ ಕ್ಲಿಕ್ಕಿಸಿದರು.

ಕ್ಯಾಮೆರಾದೊಳಗೆ ಮೊದಲು ಇಣುಕಿದವರು ಹೆಡ್ ಮಾಸ್ಟರು. "ಇದೇನಮ್ಮ, ದಾನಿಗಳೆಲ್ಲ ಬೆಳ್ಳಗೆ ತೊಳೆದು ಹೋಗಿದಾರೆ!"

"ಮಕ್ಕಳು ಬಂದಿದಾರಲ್ಲ ಸರ್," ಎಂದು ವೇದಾವತಿ ಕ್ಯಾಮೆರಾವನ್ನು ರಕ್ಷಾಳ ಕೈಗೇ ಕೊಟ್ಟರು. ಹುಡುಗಿ ಫೋಟೊದಲ್ಲಿದ್ದ ತನ್ನ ಮುಖವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಹುಬ್ಬು, ಮೂಗು, ಗಲ್ಲದ ಮೇಲಿನ ಮಚ್ಚೆ, ಎಲ್ಲ ಇದ್ದವು.

"ಅಯ್ಯೋ ಮಿಸ್!" ಎಂದು ಚೀರಿದಳು ರಕ್ಷಾ. "ಜಡೆ ಮುಂದಕ್ಕೆ ಹಾಕ್ಕಳದೇ ಮರ್ತ್ಬುಟ್ಟೆ, ಹೂವಾನೇ ಕಾಣ್ತಿಲ್ಲ!" ಎಂದವಳೇ ಜಡೆಯನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು ಮರದತ್ತ ಓಡಿದಳು. "ಲೇ, ಎಲ್ಲೋಗ್ತೀರಾ, ಎಲ್ರೂ ಬರ್ರೋ! ಇನ್ನೊಂದ್ಸಲ ನಿಂತ್ಕಳ್ರೋ!"