ಸರ್ವರ್ ಮೇಲೆ ಅಂಟಿಸಿದ ಎಲ್ ಬೋರ್ಡ್

"ನನ್ನ ಹೆಸರು ಹಾಕಲ್ಲ ಅಂದ್ರೆ ಹಾಕಲ್ಲ ಮೇಷ್ಟ್ರೆ! ಇನ್ನೆಷ್ಟು ಸಲ ಹೇಳ್ಬೇಕು?"

"ಹಾಕಿದ್ರೆ ತಲೆ ಉದುರುತ್ತೇನಮ್ಮಾ? ಎರಡು ಸಾಲಿನ ಮೇಲ್! ಕಳ್ಸು ಅಂದ್ರೆ ಕಳ್ಸು!"

ತುಮಕೂರಿನ ಒಂದು ಡ್ರೈವಿಂಗ್ ಸ್ಕೂಲಿನ ಆಫೀಸು. ಈ ವಯಸ್ಸಿನಲ್ಲಿ ಕಾರು ಕಲಿಯಲು ಸೇರಿದ್ದ ನಾನು ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ...

ಕೂಗಾಡುತ್ತಿದ್ದವರು ಮಾಲೀಕ ಪುಟ್ಟರಂಗಪ್ಪ. ಎಲ್ಲರ ಬಾಯಲ್ಲೂ 'ಡ್ರೈವಿಂಗ್ ಮೇಷ್ಟ್ರು'.

ಎದುರು ನಿಂತಿದ್ದವಳು ಜಯಶೀಲಾ. ಅವರ ಹತ್ತಿರವೇ ಕಾರು ಕಲಿತು, ಅದೇ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಅವರನ್ನು ಅಪ್ಪನ ಹಾಗೆ ನಂಬಿದ್ದ ಹೆಣ್ಣುಮಗಳು.

ವಿಷಯ ಇಷ್ಟೇ...

ಆಫೀಸಿನಲ್ಲಿ ಒಂದು ಸರ್ವರ್ ಇದೆ. ಅಂದರೆ ಒಂದು ದೊಡ್ಡ ಕಂಪ್ಯೂಟರ್. ಶಿರಾ, ಗುಬ್ಬಿ ಬ್ರಾಂಚಿನವರು ತಮ್ಮ ಮೇಜಿನಿಂದಲೇ ಅದರೊಳಗೆ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಅನ್ನುತ್ತಾರಂತೆ.

ಅವತ್ತು ಬೆಳಿಗ್ಗೆ ಯಾರಿಗೂ ಒಳಗೆ ಹೋಗಲು ಆಗಲಿಲ್ಲ. ಲೈಸೆನ್ಸ್ ಇಲ್ಲ ಎಂದು ಸ್ಕ್ರೀನ್ ಮೇಲೆ ಬರುತ್ತಿತ್ತು. ಟೆಸ್ಟಿಗೆ ಹೋಗಬೇಕಾದವರ ವಿವರವೆಲ್ಲ ಅದರೊಳಗೇ ಸಿಕ್ಕಿಕೊಂಡಿತ್ತು.

"ಇಲ್ಲದೆ ಏನು? ಸರ್ವರ್ ಲೈಸೆನ್ಸು ಅಲ್ಲಿ ನೋಡು, ಫ್ರೇಮ್ ಹಾಕ್ಸಿ ಕುಂಕುಮ ಇಟ್ಟಿದೀನಿ!" ಮೇಷ್ಟ್ರು ಫೋನಿಗೂ ಕೂಗಿದರು.

ಫೋನಿನ ಆ ಕಡೆ ಕಂಪ್ಯೂಟರ್ ರಿಪೇರಿಯ ಮಧುಕರ. ಸ್ಪೀಕರ್ ಆನ್ ಆಗಿತ್ತು.

"ಅದು ಸರ್ವರ್‌ದು ಸರ್. ಒಳಗೆ ಬಂದು ಕೆಲಸ ಮಾಡೋ ಒಬ್ಬೊಬ್ಬರಿಗೂ ಬೇರೆ ಲೈಸೆನ್ಸ್ ಬೇಕು. ಶುರುವಿನಲ್ಲಿ ಸ್ವಲ್ಪ ದಿನ ಹಂಗೇ ಬಿಡ್ತಾರೆ, ಅಷ್ಟೇ. ಆ ದಿನ ಮುಗಿದಾಗೆಲ್ಲ ನೀವು ಹೇಳಿದ್ರಿ ಅಂತ ದಿನದ ಲೆಕ್ಕ ಮತ್ತೆ ಮೊದಲಿಂದ ಶುರುವಾಗೋ ಹಂಗೆ ಹಿಂದಕ್ಕೆ ತಿರುಗಿಸಿ ಕೊಟ್ಟೆ. ಇನ್ಮೇಲೆ ಬಾಯಿಮಾತಿಗೆ ಮಾಡಲ್ಲ. ಯಾರು ಮಾಡ್ಸಿದ್ದು ಅಂತ ಮೇಲ್ ಕಳ್ಸಿ. ನಾಳೆ ಸಾಫ್ಟ್‌ವೇರ್ ಕಂಪನಿಯೋರು ಹಿಡಿದ್ರೆ ನನ್ನ ತಲೆಗೆ ಬರಬಾರದು."

ಅವನ ತಲೆಗೆ ಬರಬಾರದು... ಮೇಷ್ಟ್ರ ತಲೆಗೂ ಬರಬಾರದು...

ಉಳಿದದ್ದು ಯಾರ ತಲೆ? 'ನಾನೇ ಮಾಡಿಸಿದ್ದು' ಅಂತ ಮೇಲ್ ಕಳಿಸಬೇಕಾಗಿದ್ದ, ಸಂಬಳಕ್ಕೆ ದುಡಿಯುವ ಹೆಣ್ಣುಮಗಳ ತಲೆ! ಕೂತಲ್ಲೇ ನನ್ನ ಮೈ ಉರಿಯಿತು.

ಆ ಫ್ರೇಮಿನ ಪಕ್ಕದಲ್ಲೇ ಗೋಡೆಗೆ ಪೇಂಟಿನಲ್ಲಿ ಒಂದು ಸಾಲು ಬರೆಸಿದ್ದಾರೆ. "ಗಾಡಿಯ ಕಾಗದ ಗಾಡಿಗೆ... ನಿನ್ನ ಲೈಸೆನ್ಸ್ ನಿನಗೆ."

ಸ್ಟೇರಿಂಗ್ ಮುಟ್ಟುವ ಮೊದಲು ಪ್ರತಿಯೊಬ್ಬರೂ ಇದನ್ನು ಗಟ್ಟಿಯಾಗಿ ಓದಲೇಬೇಕು. ನನ್ನಿಂದಲೂ ಓದಿಸಿದ್ದರು.

ಪಕ್ಕದಲ್ಲಿ ಮೇಷ್ಟ್ರ ತಮ್ಮನ ಫೋಟೋ. ಅವನು ಸತ್ತಿದ್ದು ಲೈಸೆನ್ಸ್ ಇಲ್ಲದ ಹುಡುಗನ ವ್ಯಾನಿಗೆ ಸಿಕ್ಕಿ. ವ್ಯಾನಿನ ಕಾಗದವೆಲ್ಲ ಸರಿಯಾಗಿಯೇ ಇತ್ತಂತೆ...

ಓಡಿಸಿದ್ದು ಓನರ್ ಮಗ. ಕೇಸಿನಲ್ಲಿ ಹೆಸರು ಕೊಟ್ಟಿದ್ದು ಪಾಪದ ಕ್ಲೀನರ್‌ನದು! ಮೊದಲ ಕ್ಲಾಸಿನಲ್ಲಿ ಇದನ್ನು ಹೇಳುವಾಗ ಮೇಷ್ಟ್ರು ಅತ್ತೇಬಿಡುತ್ತಾರೆ.

ಜಯಶೀಲಾ ಆ ಫೋಟೋ ಕಡೆ ನೋಡಿದಳು.

"ಕ್ಲೀನರ್ ಹೆಸರು ಕೊಟ್ರಲ್ಲ ಅಂತ ಪ್ರತಿ ಬ್ಯಾಚಿನ ಮುಂದೆ ಅಳ್ತೀರಿ... ಇವತ್ತು ನಾನು ಯಾರು ಮೇಷ್ಟ್ರೆ? ನಿಮ್ಮ ಕ್ಲೀನರ್ರಾ?"

ಮೇಷ್ಟ್ರ ದನಿ ತಗ್ಗಿತು. "ಅದೂ ಇದೂ ಒಂದೇನಮ್ಮಾ? ಅದು ಪ್ರಾಣ. ಇದು ಯಾವುದೋ ಕಂಪ್ಯೂಟರ್ರು..."

"ಪ್ರಾಣ ಹೋಗಲ್ಲ, ನಿಜ. ನನ್ನ ಹೆಸರು ಹೋಗುತ್ತೆ. ಇದೇ ಊರಲ್ಲಿ ನಾಳೆ ಇನ್ನೊಂದು ಕಡೆ ಕೆಲಸ ಕೇಳ್ಬೇಕಾದೋಳು ನಾನು."

ಡ್ರಾಯರ್ ಎಳೆದಳು. ಕಲಿಯುವವರ ಕಾರಿಗೆ ಅಂಟಿಸುವ ಕೆಂಪು 'ಎಲ್' ಸ್ಟಿಕ್ಕರ್ ತೆಗೆದಳು.

ಸೀದಾ ಹೋಗಿ ಸರ್ವರ್ ಮೇಲೆ ಅಂಟಿಸಿದಳು!

"ಲರ್ನರ್ ಲೈಸೆನ್ಸ್ ಮುಗಿದ್ಮೇಲೂ ಎಲ್ ಬೋರ್ಡ್ ಹಾಕ್ಕೊಂಡು ಓಡಾಡೋರನ್ನ ರಸ್ತೇಲಿ ನಿಲ್ಸಿ ಬೈತೀರಲ್ಲ... ನಿಮ್ಮ ಸರ್ವರ್ ಓಡ್ತಿರೋದು ಹಂಗೇ ಮೇಷ್ಟ್ರೆ."

ಬ್ಯಾಗ್ ತುಂಬಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದಳು.

"ಟೀ ಕುಡಿದು ಬರ್ತಾಳೆ ಬಿಡಿ. ಮೂಗಿನ ತುದೀಲೇ ಕೋಪ ಅವಳಿಗೆ," ಎಂದರು ಮೇಷ್ಟ್ರು ನನ್ನ ಕಡೆ ತಿರುಗಿ.

ನಾನು ಬಾಯಿ ಮುಚ್ಚಿಕೊಂಡು ಇರುವವನಲ್ಲ. "ಟೀ ಕುಡಿಯೋಕೆ ಯಾರು ಊಟದ ಡಬ್ಬಿ, ದೇವರ ಫೋಟೋ ಎತ್ಕೊಂಡು ಹೋಗ್ತಾರೆ ಮೇಷ್ಟ್ರೆ? ಮೇಜು ನೋಡ್ರಿ, ಖಾಲಿ!"

ಮೇಷ್ಟ್ರು ಮೇಜು ನೋಡಿದರು. ಎದ್ದು ಹೋಗಿ ಆ ಸ್ಟಿಕ್ಕರ್ ಕೀಳಲು ಉಗುರು ಹಾಕಿದರು... ಕೈ ಅಲ್ಲೇ ನಿಂತಿತು.

ತಮ್ಮನ ಫೋಟೋ ಎದುರಿಗೇ ಇತ್ತು. ಕಣ್ಣು ಒರೆಸಿಕೊಂಡು ಫೋನ್ ತೆಗೆದರು.

"ಮಧುಕರ... ಹಿಂದಕ್ಕೆ ತಿರುಗಿಸೋದು ಬೇಡಪ್ಪ. ಲೈಸೆನ್ಸೇ ತಗೊಳ್ಳೋಣ. ಎಲ್ಲರಿಗೂ."

"ಸರಿ ಸರ್. ಯಾರ್ಯಾರು ಲಾಗಿನ್ ಆಗ್ತಾರೆ, ಹೆಸರು ಹೇಳಿ."

"ಮೊದಲು ಜಯಶೀಲಾ..."

ಅಷ್ಟೇ. ಮೇಷ್ಟ್ರು ಅವಳ ಖಾಲಿ ಕುರ್ಚಿಯ ಕಡೆ ತಿರುಗಿದರು.

ತಪ್ಪು ಹೊರಿಸುವಾಗ ಮೊದಲು ನೆನಪಾಗಿದ್ದೂ ಅದೇ ಹೆಸರು... ಹಕ್ಕು ಕೊಡುವಾಗ ನೆನಪಾಗಿದ್ದೂ ಅದೇ ಹೆಸರು. ಆದರೆ ಹೆಸರಿನವಳು ಬಾಗಿಲು ದಾಟಿ ಆಗಿತ್ತು!

"ಪಾಪ, ಮೇಷ್ಟ್ರು ತಿದ್ದಿಕೊಂಡರಲ್ಲ, ಅವಳು ವಾಪಸ್ ಬರಬಹುದಿತ್ತು" ಎನ್ನುವವರು ಇದ್ದಾರೆ. ಯಾಕೆ ಬರಬೇಕು ಸ್ವಾಮಿ? ಕೆನ್ನೆಗೆ ಹೊಡೆದವರು ಕೈ ತೊಳೆದುಕೊಂಡರೆ ಹೊಡೆಸಿಕೊಂಡವರ ಉರಿ ಇಳಿಯುತ್ತದೆಯೇ?

ಮೇಷ್ಟ್ರು ಅವಳ ಮನೆಯವರೆಗೂ ಹೋಗಿ ಬಂದರು. ಕಣ್ಣೀರು ಹಾಕಿದರು. ಆ ಕುರ್ಚಿಗೆ ಬೇರೆ ಯಾರನ್ನೂ ಕೂರಿಸದೆ ಕಾದರು...

ಜಯಶೀಲಾ ಬರಲಿಲ್ಲ.

🙏 ನಮ್ಮ ತಪ್ಪಿಗೆ ನಮ್ಮ ಹೆಸರೇ ಇರಬೇಕು. ಕೈಕೆಳಗಿನವರ ಹೆಸರು ಬಾಡಿಗೆಗೆ ಸಿಗುವ ವಸ್ತುವಲ್ಲ.

ನಿಮ್ಮ ಆಫೀಸಿನಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ... ನೀವು ಮಾಡಿದ ತಪ್ಪು ಈಗ ಯಾರ ಹೆಸರಿನಲ್ಲಿದೆ?